ತಾಯೇ ಹೊಡೀಲಿ

ಘಜ್ನಿಯಲ್ಲಿ ಚಂದ್ರ ಎರಡು. ಆಳುವವರ ಚಂದ್ರ ರೇಡಿಯೊದಲ್ಲಿ ಹುಟ್ಟುತ್ತಾನೆ. ಬೇರೆ ಪಂಗಡದವರಾದ ಹಜಾರಾ ಜನರ ಕೇರಿಯ ಚಂದ್ರ ಮಾಳಿಗೆ ಹತ್ತಿ ನಿಂತವರ ಕಣ್ಣಿಗೆ ಬಿದ್ದರೆ ಮಾತ್ರ ಹುಟ್ಟುತ್ತಾನೆ. ಆ ಸಂಜೆ ಮೋಡ ಕವಿದಿತ್ತು. ಕೇರಿಯವರು ಕತ್ತು ನೋಯುವಷ್ಟು ಹೊತ್ತು ನೋಡಿದರು, ಕಾಣಲಿಲ್ಲ ಅಂತ ಇಳಿದು ಬಂದರು. ನಾಳೆ ರೋಜಾ ಇಲ್ಲ, ರಂಜಾನಿನ ಉಪವಾಸ ನಾಡಿದ್ದಿನಿಂದ ಅಂತ ಹಿರಿಯ ಹಾಜಿ ನವ್ರೋಜ್ ಮಸೀದಿಯಲ್ಲಿ ಹೇಳಿದ. ರೇಡಿಯೊ ಮಾತ್ರ ನಾಳೆಯಿಂದಲೇ ರೋಜಾ ಅಂತ ಒದರಿತು.

ಜೇವರ್ ಹಾಜಿಯ ಮಾತು ಕೇಳಿದಳು. ಬೆಳಿಗ್ಗೆ ಎದ್ದು ತಂದೂರಿಗೆ ಬೆಂಕಿ ಹಾಕಿದಳು.

ತಪ್ಪಾಗಿದ್ದು ಅಲ್ಲೇ. ಉಳಿದ ಮನೆಯವರು ಬಾಗಿಲು ಹಾಕಿಕೊಂಡು ಗ್ಯಾಸಿನ ಮೇಲೆ ಚಹಾ ಕಾಸಿಕೊಂಡರು. ತಂದೂರು ಹಾಗಲ್ಲವಲ್ಲ, ಅದಕ್ಕೆ ಒಣ ಮುಳ್ಳುಗಿಡ ಬೇಕು, ಬೆರಣಿ ಬೇಕು. ಇಡೀ ಊರು ತಣ್ಣಗೆ ಕೂತಿರುವ ಬೆಳಿಗ್ಗೆ ಒಂದೇ ಒಂದು ಅಂಗಳದಿಂದ ಕರೀ ಹೊಗೆ ಎದ್ದರೆ ಅದು ಮೈಲಿ ದೂರಕ್ಕೂ ಕಾಣುತ್ತೆ ಅನ್ನೋದು ಅವಳಿಗೆ ಹೊಳೀಲಿಲ್ಲ. ಕೇರಿಯಲ್ಲಿ ಒಬ್ಬರಿಗೂ ಹೊಳೀಲಿಲ್ಲ. ಎಲ್ಲರೂ ರೋಜಾದ ಲೆಕ್ಕ ಹಾಕಿದರು, ಹೊಗೆಯ ಲೆಕ್ಕ ಯಾರೂ ಹಾಕಲಿಲ್ಲ.

ಜೇವರಳ ಗಂಡ ಇರಾನಿಗೆ ಗಾರೆ ಕೆಲಸಕ್ಕೆ ಹೋಗಿದ್ದವನು ಸಾರುವೆಯಿಂದ ಬಿದ್ದು ಸತ್ತಿದ್ದ. ಹೆಣ ಕೂಡ ಬರಲಿಲ್ಲ. ಅಂದಿನಿಂದ ಕೇರಿಯ ರೊಟ್ಟಿ ಸುಡೋದೇ ಅವಳ ಬದುಕು. ಮನೆಮನೆಯ ಹುಡುಗಿಯರು ನಾದಿದ ಹಿಟ್ಟನ್ನು ಮರದ ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ತಲೆ ಮೇಲೆ ಹೊತ್ತು ತರುತ್ತಾರೆ. ಜೇವರ್ ಉಂಡೆ ಕಟ್ಟಿ, ತಟ್ಟಿ, ಬಟ್ಟೆಯ ಗಾದಿಯ ಮೇಲೆ ಹಾಸಿಕೊಂಡು, ನೆಲದಲ್ಲಿ ಹೂತ ಮಣ್ಣಿನ ತಂದೂರಿನೊಳಕ್ಕೆ ತಲೆ ಸಮೇತ ಬಗ್ಗಿ ಗೋಡೆಗೆ ಬಡಿಯುತ್ತಾಳೆ. ಬೆಂದದ್ದನ್ನು ಕಬ್ಬಿಣದ ಕೊಕ್ಕೆಯಲ್ಲಿ ಎತ್ತುತ್ತಾಳೆ. ಕೂಲಿ ಅಂದರೆ ಪ್ರತಿ ತಟ್ಟೆಯಿಂದ ಒಂದು ಉಂಡೆ. ಮೊಣಕೈವರೆಗೂ ಸುಟ್ಟ ಕಲೆ, ಒಂದರ ಮೇಲೊಂದು. ಹುಬ್ಬು ಸುಟ್ಟು ಹೋಗಿ ಎಷ್ಟು ಕಾಲವಾಯಿತೋ.

"ನಿನ್ನ ಹುಬ್ಬೆಲ್ಲಿ ಹೋಯ್ತೇ ಜೇವರ್?" ಅಂತ ಪಕ್ಕದ ಮನೆ ಬಖ್ತಾವರ್ ದಿನಾ ಕೆಣಕೋಳು. ಅವಳ ಬಾಯಿ ಜೋರು.

"ನಿನ್ನ ರೊಟ್ಟಿಗೇ ಹಾಕಿದ್ದೀನಿ ಕಣೇ. ಚೆನ್ನಾಗಿ ಅಗಿದು ತಿನ್ನು."

ಆರನೇ ತರಗತಿ ಮುಗಿದ ಮೇಲೆ ಹೆಣ್ಣುಮಕ್ಕಳು ಮನೆಯಲ್ಲೇ ಇರಲಿ ಅಂತ ಹುಕುಂ ಬಂತಲ್ಲ, ಆಗ ಜೇವರಳ ಮಗಳು ಹುಸ್ನಿಯಾ ಮೂಲೆ ಹಿಡಿದಳು. ಊಟ ಬಿಟ್ಟಳು. ಮಾತು ಬಿಟ್ಟಳು. ಗೋಡೆ ನೋಡಿಕೊಂಡು ಕೂರೋಳು. ಜೇವರಳಿಗೆ ಒಂದಕ್ಷರ ಬರಲ್ಲ, ಆದರೆ ಮಗಳು ಕಣ್ಣೆದುರಿಗೇ ಒಣಗಿ ಹೋಗ್ತಿದ್ದಾಳೆ ಅನ್ನೋದಕ್ಕೆ ಅಕ್ಷರ ಬೇಕಾಗಿರಲಿಲ್ಲ. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಲತೀಫಾ ಟೀಚರು ಒಂದಿನ ರೊಟ್ಟಿಗೆ ಬಂದಾಗ ಜೇವರ್ ಅವಳ ಕಿವಿಯಲ್ಲಿ ಹೇಳಿದಳು: "ತಂದೂರಿಗೆ ಹಿಟ್ಟು ತರೋ ಹುಡುಗೀರನ್ನ ಎಲ್ಲಿಗೇ ಅಂತ ಯಾರೂ ಕೇಳಲ್ಲ. ಸರದಿ ಬರೋವರೆಗೂ ಕಾಯ್ತಾರೆ. ಆ ಹೊತ್ತನ್ನ ನೀವು ತಗೊಳ್ಳಿ ಟೀಚರಮ್ಮ. ಹಿಂದಿನ ಸೌದೆ ಕೋಣೆ ಖಾಲಿ ಮಾಡಿಕೊಡ್ತೀನಿ."

ಹಾಗೆ ಶುರುವಾಯಿತು. ಹುಡುಗಿಯರು ತಟ್ಟೆ ಇಳಿಸಿ ಗೋಡೆಗುಂಟ ಸಾಲಾಗಿ ಇಟ್ಟು ಹಿಂದಕ್ಕೆ ಹೋಗೋರು. ಹಿಟ್ಟು ಉಬ್ಬೋದು, ಅವರು ಓದೋರು. ಜೇವರ್ ಬೇಕಂತಲೇ ನಿಧಾನ ಮಾಡೋಳು. ಹುಸ್ನಿಯಾ ಮತ್ತೆ ಉಣ್ಣೋಕೆ ಶುರು ಮಾಡಿದಳು. ಆಮೇಲೆ ಅಮ್ಮನ ಜೊತೆ ಜಗಳಕ್ಕೂ ಶುರು ಮಾಡಿದಳು. ಆ ಜಗಳ ಕೇಳಿ ಜೇವರಳಿಗೆ ಅಳು ಬಂದಿತ್ತು. ಎರಡು ಚಳಿಗಾಲ ಹಾಗೇ ನಡೆಯಿತು.

ಆ ಬೆಳಿಗ್ಗೆಯೂ ಹುಡುಗಿಯರು ಎಂದಿನಂತೆ ಬಂದರು. ಬಖ್ತಾವರಳ ಮಗಳು ಗುಲ್ಸುಮ್ ಎಲ್ಲರಿಗಿಂತ ಮೊದಲು. ಬಖ್ತಾವರ್ ಕೂಡ ಬಂದು ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಳು. ಮೊದಲ ರೊಟ್ಟಿ ಗೋಡೆಗೆ ಹತ್ತಿತ್ತು ಅಷ್ಟೆ.

ಓಣಿಯಲ್ಲಿ ಗಾಡಿ ನಿಂತ ಸದ್ದಾಯಿತು. ಕೇರಿಯವರ ಹತ್ತಿರ ಗಾಡಿ ಇಲ್ಲ. ಜೇವರ್ ಕೊಕ್ಕೆ ತೆಗೆದು ತಂದೂರಿನ ಅಂಚಿಗೆ ಜೋರಾಗಿ ಬಡಿದಳು. ಸೌದೆ ಕೋಣೆಗೆ ಅದೇ ಸೂಚನೆ. ಹಿಂದಿನ ಗೋಡೆ ಹತ್ತಿದರೆ ಪಕ್ಕದ ಮಾಳಿಗೆ, ಅಲ್ಲಿಂದ ಇನ್ನೊಂದು ಮಾಳಿಗೆ. ಆದರೆ ಗೋಡೆ ಎತ್ತರ, ಹುಡುಗಿಯರು ಚಿಕ್ಕವರು. ಸಮಯ ಬೇಕಾಗಿತ್ತು. ಆ ಸಮಯ ಕೊಡಬೇಕಾದವಳು ಅವಳೇ.

ಬಾಗಿಲು ಒದ್ದುಕೊಂಡು ಒಳಗೆ ಬಂದವನು ಬಿಳಿಕೋಟಿನವನು. ಜನರ ನಡತೆ ತಿದ್ದೋದು ಅವನ ನೌಕರಿ. ಕುರಾನ್ ಬಾಯಿಪಾಠ ಮಾಡಿದವನು ಅಂತ ಎಲ್ಲರೂ ಖಾರಿ ಸಾಹೇಬ ಅನ್ನೋರು. ಮೀಸೆ ಇನ್ನೂ ಸರಿಯಾಗಿ ಚಿಗುರಿರದ ಹುಡುಗ. ಕೈಯಲ್ಲಿ ಕಪ್ಪು ಕೇಬಲ್ಲಿನ ತುಂಡು. ಹಿಂದೆ ಬಂದೂಕು ಹಿಡಿದ ಇಬ್ಬರು. ಅವರ ಹಿಂದೆ ಓಡೋಡಿ ಬಂದ ಹಾಜಿ ನವ್ರೋಜ್, ಅವನ ಹಿಂದೆ ಓಣಿಯ ನಾಲ್ಕಾರು ಗಂಡಸರು.

"ರೋಜಾದ ದಿನ ಒಲೆ ಹಚ್ಚಿದ್ದೀಯಾ?" ಅಂದ ಖಾರಿ. ಅವನದು ಪಷ್ತೋ ನಾಲಿಗೆ. ಇವರ ಮಾತು ಅವನ ಬಾಯಲ್ಲಿ ಮುರಿದು ಮುರಿದು ಬರುತ್ತಿತ್ತು.

"ನಮ್ಮ ಚಂದ್ರ ಇನ್ನೂ ಕಂಡಿಲ್ಲ ಸಾಹೇಬ."

"ನಿಮಗೇ ಅಂತ ಬೇರೆ ಚಂದ್ರ ಇದ್ದಾನಾ?"

"ಮೋಡ ಇತ್ತು ಸಾಹೇಬ. ಮೋಡಕ್ಕೆ ನಾನೇನು ಮಾಡ್ಲಿ?"

ಬಂದೂಕಿನವರಲ್ಲಿ ಒಬ್ಬ ನಕ್ಕ. ಖಾರಿ ನಗಲಿಲ್ಲ. ಜೇವರ್ ಗಂಟಲು ಏರಿಸಿದಳು. ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು. "ತಪ್ಪಾಯ್ತು! ನಂದೇ ತಪ್ಪು! ಬೆಂಕಿ ಹಚ್ಚಿದೋಳು ನಾನು! ಕರ್ಕೊಂಡು ಹೋಗಿ! ಮುಖಕ್ಕೆ ಮಸಿ ಬಳಿದು ಬಜಾರಿನಲ್ಲಿ ಮೆರವಣಿಗೆ ಮಾಡ್ಸಿ! ನಡೀರಿ, ಈಗಲೇ ಹೋಗೋಣ!"

ಮಸಿಗೆ ಅವಳು ಹೆದರುತ್ತಿರಲಿಲ್ಲ, ದಿನಾ ಮಸಿಯಲ್ಲೇ ಬದುಕಿದವಳು. ತಿಳಿವು ಬಂದಾಗಿನಿಂದ ಒಂದೂ ರೋಜಾ ತಪ್ಪಿಸದವಳು, ಹೆರಿಗೆಯ ವರ್ಷ ಬಿಟ್ಟದ್ದನ್ನೂ ಆಮೇಲೆ ಹಿಡಿದು ತೀರಿಸಿದವಳು, ರೋಜಾ ಮುರಿದವಳು ಅಂತ ತನ್ನ ಬಾಯಿಂದಲೇ ಕೂಗಿಕೊಂಡಳು. ಆ ಸಂಕಟ ಅವಳಿಗೇ ಗೊತ್ತು. ಅವರು ತನ್ನನ್ನು ಎಳೆದುಕೊಂಡು ಹೋದರೆ ಸಾಕು, ಹಿಂದಕ್ಕೆ ಹೋಗದಿದ್ದರೆ ಸಾಕು.

ಖಾರಿ ಅವಳನ್ನು ಹೊರಡಿಸಿಕೊಂಡು ಹೋಗುತ್ತಲೂ ಇದ್ದ. ಬಾಗಿಲ ಕಡೆ ತಿರುಗಿದವನು ಗೋಡೆಗುಂಟ ಇದ್ದ ತಟ್ಟೆಗಳ ಸಾಲು ನೋಡಿ ನಿಂತ. ಕಾಲಿನಿಂದ ಒಂದರ ಮೇಲಿನ ಬಟ್ಟೆ ಸರಿಸಿದ. ಹಿಟ್ಟು ಉಬ್ಬಿ ಅಂಚು ದಾಟಿತ್ತು.

"ಇಷ್ಟು ತಟ್ಟೆ ಇವೆ. ಹೊತ್ತು ತಂದ ತಲೆಗಳೆಲ್ಲಿ?"



"ಇಟ್ಟು ಮನೆಗೆ ಹೋದ್ರು ಸಾಹೇಬ," ಅಂದಳು ಬಖ್ತಾವರ್. ಯಾವತ್ತೂ ತಡವರಿಸದ ಅವಳ ಬಾಯಿ ಅವತ್ತು ತಡವರಿಸಿತು. ಅಷ್ಟು ಸಾಕಾಯಿತು ಅವನಿಗೆ. ಅಡ್ಡ ನಿಂತ ಜೇವರಳನ್ನು ಬಂದೂಕಿನ ಹಿಡಿಯಿಂದ ಪಕ್ಕಕ್ಕೆ ತಳ್ಳಿ ಮೂವರೂ ಹಿಂದಕ್ಕೆ ನುಗ್ಗಿದರು.

ಸೌದೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಹುಸ್ನಿಯಾ. ಎಲ್ಲರನ್ನೂ ಬೆನ್ನು ಕೊಟ್ಟು ಗೋಡೆ ಹತ್ತಿಸಿದ್ದಳು. ಕೊನೆಗೆ ಲತೀಫಾ ಟೀಚರನ್ನೂ. ತನಗೆ ಬೆನ್ನು ಕೊಡೋಕೆ ಯಾರೂ ಉಳಿದಿರಲಿಲ್ಲ. ತಲೆವಸ್ತ್ರದ ತುದಿಯಿಂದ ಬರೆಯೋ ಹಲಗೆ ಒರೆಸುತ್ತಿದ್ದಳು.

ಕೂದಲು ಹಿಡಿಯಲಿಲ್ಲ, ಕೈ ಹಿಡಿಯಲಿಲ್ಲ. ಬಂದೂಕಿನ ಮೂತಿಯನ್ನು ಬೆನ್ನಿಗೆ ಒತ್ತಿ ಅಂಗಳಕ್ಕೆ ನಡೆಸಿಕೊಂಡು ಬಂದರು. ಪರಹೆಣ್ಣಿನ ಮೈ ಮುಟ್ಟಬಾರದಲ್ಲ, ಅಂಥ ಸಭ್ಯರು!

"ಏನು ಓದ್ತಿದ್ದೆ?" ಅಂದ ಖಾರಿ.

"ಲೆಕ್ಕ."

"ನಿನಗ್ಯಾಕೆ ಲೆಕ್ಕ?"

"ಗೊತ್ತಾಗ್ಬೇಕು ಅಂತ."

"ಏನು ಗೊತ್ತಾಗ್ಬೇಕು?"

"ಎಲ್ಲಾನೂ."

ಹಾಜಿ ಕಣ್ಣು ಮುಚ್ಚಿಕೊಂಡ. ಈ ಹುಡುಗಿಗೆ ಒಂದು ಸುಳ್ಳು ಹೇಳೋಕೆ ಬರಲ್ವಾ ಅಂತ ಬಖ್ತಾವರ್ ತುಟಿ ಕಚ್ಚಿದಳು.

"ಯಾರು ಕಲಿಸ್ತಾರೆ? ಯಾರ್ಯಾರು ಬರ್ತಾರೆ?"

ಹುಸ್ನಿಯಾ ಬಾಯಿ ಬಿಡಲಿಲ್ಲ. ಖಾರಿ ಕೇಬಲ್ಲನ್ನು ಗಾಳಿಯಲ್ಲಿ ಬೀಸಿದ. ಹಾಜಿ ನವ್ರೋಜ್ ಮುಂದೆ ಬಂದು ಪೇಟ ತೆಗೆದು ಅವನ ಕಾಲ ಬಳಿ ಇಟ್ಟ. ಎಪ್ಪತ್ತು ದಾಟಿದ ಮನುಷ್ಯ, ಮೀಸೆ ಬಾರದ ಹುಡುಗನ ಕಾಲ ಬಳಿ.

"ಬಿಟ್ಟುಬಿಡಿ ಖಾರಿ ಸಾಹೇಬ. ನಿಮ್ಮ ರೋಜಾದ ದಿನ. ದಯೆ ತೋರೋ ತಿಂಗಳು. ಅಪ್ಪನಿಲ್ಲದ ಹುಡುಗಿ."

ಖಾರಿ ಪೇಟ ನೋಡಿದ. ಆಮೇಲೆ ತಲೆಯಾಡಿಸಿದ.

"ಸರಿ. ದಯೆ ತೋರಿಸ್ತೀನಿ. ನಾನು ಹೊಡಿಯಲ್ಲ. ತಾಯೇ ಹೊಡೀಲಿ."

ಕೇಬಲ್ಲನ್ನು ಜೇವರಳ ಕಡೆ ಚಾಚಿದ.

"ಮಗಳ ಅಂಗೈಗೆ ಹತ್ತು ಏಟು. ನಿನ್ನ ಕೈಯಾರೆ. ಇನ್ನು ಓದಿಸಲ್ಲ ಅಂತ ಎಲ್ಲರೆದುರಿಗೆ ಹೇಳು. ಅಷ್ಟು ಮಾಡಿದ್ರೆ ನಾವು ಹೋಗ್ತೀವಿ. ಯಾರ ಹೆಸರೂ ಕೇಳಲ್ಲ."

ಎಂಥ ದಯೆ ನೋಡಿ. ಹೊಡೆದ ಪಾಪವೂ ತಾಯಿಯದೇ ಆಗಬೇಕು, ಮಗಳು ನಾಳೆಯಿಂದ ತಾಯಿಯ ಕೈ ಕಂಡರೇ ಹೆದರಬೇಕು. ಇವನು ಬಿಳಿಕೋಟು ಕೊಳೆಯಾಗದ ಹಾಗೆ ಗಾಡಿ ಹತ್ತಿ ಹೋಗಬೇಕು.

ಜೇವರ್ ಕೇಬಲ್ಲು ತಗೊಂಡಳು. ಒಳಗೆ ತಾಮ್ರದ ತಂತಿ, ಮೇಲೆ ರಬ್ಬರು. ಅಂದುಕೊಂಡದ್ದಕ್ಕಿಂತ ಭಾರವಿತ್ತು.

"ಹೊಡೆದುಬಿಡಮ್ಮ," ಅಂದ ಹಾಜಿ. "ಇಷ್ಟಕ್ಕೇ ಮುಗೀತಲ್ಲ ಅಂದ್ಕೋ."

"ಹೊಡೀ ಜೇವರ್," ಅಂದಳು ಬಖ್ತಾವರ್. ಅವಳ ಕಣ್ಣು ಮಾಳಿಗೆಯ ಕಡೆಗೇ ಇತ್ತು, ಅವಳ ಗುಲ್ಸುಮ್ ಹೋದ ಕಡೆಗೆ. "ಮೆಲ್ಲಗೆ ಹೊಡಿಯೇ. ಅಮ್ಮ ಹೊಡೆದ್ರೆ ಮಕ್ಕಳು ಸಾಯ್ತಾರಾ? ನಾವು ದಿನಾ ಹೊಡಿಯಲ್ವಾ? ಪೀಡೆ ತೊಲಗಲಿ. ಎಲ್ಲ ಹುಡುಗೀರೂ ಉಳೀತಾರೆ ಕಣೇ. ನಿನಗೆ ಕೈ ಮುಗೀತೀನಿ."

"ಹೊಡಿ, ಹೊಡಿ" ಅಂತ ಗಂಡಸರ ಗುಂಪಿನಿಂದಲೂ ಬಂತು. ಪಿಸುಮಾತಿನಲ್ಲಿ ಬಂತು. ಅಲ್ಲಿದ್ದ ಒಬ್ಬನಾದರೂ ಆ ಪಿಸುಮಾತನ್ನು ಖಾರಿಯ ಕಡೆ ತಿರುಗಿಸಿ ಬೇಡ ಅಂದಿದ್ದರೆ! ಅನ್ನಲಿಲ್ಲ. ಹೆಂಗಸಿಗೆ ಹೇಳೋದು ಸುಲಭ.

ಹುಸ್ನಿಯಾ ತಾನಾಗಿ ಮುಂದೆ ಬಂದು ಎರಡೂ ಅಂಗೈ ಚಾಚಿದಳು. ಬೆರಳ ತುದಿಗೆಲ್ಲ ಸೀಮೆಸುಣ್ಣದ ಪುಡಿ ಮೆತ್ತಿತ್ತು.

"ಹೊಡಿಯಮ್ಮ," ಅಂದಳು ಮೆಲ್ಲಗೆ. "ನಾನೇನೂ ಅಂದ್ಕೊಳ್ಳಲ್ಲ. ಬೇಗ ಮುಗಿಸು."

ಜೇವರ್ ಕೇಬಲ್ಲು ಎತ್ತಿದಳು. ನಿಜ ಹೇಳಬೇಕು, ಎತ್ತಿದಳು. ಹೊಡೆದುಬಿಡೋಣ ಅಂತ ಒಂದು ಗಳಿಗೆ ಅವಳಿಗೂ ಅನ್ನಿಸಿತು. ಮಗಳಿಗೆ ಹೊಡೆದವಳೇ ಅವಳೂ. ಹಾಲು ಚೆಲ್ಲಿದ್ದಕ್ಕೆ ಹೊಡೆದಿದ್ದಾಳೆ, ಎದುರು ಮಾತಾಡಿದ್ದಕ್ಕೆ ಹೊಡೆದಿದ್ದಾಳೆ. ಆದರೆ ಇದಕ್ಕಾ? ಮೂಲೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದ ಆ ಹುಡುಗಿ ಕಣ್ಣ ಮುಂದೆ ಬಂದಳು. ಉಣ್ಣದೆ, ಮಾತಾಡದೆ. ಇವತ್ತು ಹೊಡೆದರೆ ಮಗಳು ಮತ್ತೆ ಆ ಮೂಲೆಗೇ ಹೋಗುತ್ತಾಳೆ. ಆಗ ಬಂದೂಕಿನವರಲ್ಲ, ಅಮ್ಮನೇ ಕಳಿಸಿದ ಹಾಗೆ.

ತಿರುಗಿ ಕೇಬಲ್ಲನ್ನು ತಂದೂರಿನೊಳಗೆ ಹಾಕಿದಳು.

"ನಾನು ಹೊಡಿಯಲ್ಲ."

ರಬ್ಬರು ಸುಡುವ ಕಮಟು ವಾಸನೆ ಎದ್ದಿತು. ಮೊದಲ ರೊಟ್ಟಿ ಇನ್ನೂ ಗೋಡೆಗೇ ಅಂಟಿಕೊಂಡು ಕರಟಿ ಹೋಗಿತ್ತು.

"ಏನಂದೆ?"

"ಹೊಡಿಯಲ್ಲ ಅಂದೆ. ನನ್ನ ಮಗಳು ಓದಿದ್ದಾಳೆ, ಕಳ್ಳತನ ಮಾಡಿಲ್ಲ. ಇನ್ನೂ ಓದಿಸ್ತೀನಿ. ನಿಮಗೆ ಹೊಡೀಬೇಕಾ, ನೀವೇ ಹೊಡೀರಿ. ಪಾಪ ನಿಮ್ಮ ಕೈಗೇ ಅಂಟಲಿ. ನನ್ನ ಕೈ ಯಾಕೆ ಕೇಳ್ತೀರಾ?"

ಮೊದಲ ಏಟು ಅವಳ ದವಡೆಗೆ ಬಿತ್ತು. ಬಂದೂಕಿನ ಹಿಡಿ. ಎರಡನೆಯದು ಎಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ. ಬಾಯಿ ತುಂಬ ರಕ್ತ, ಮಣ್ಣು. ನೆಲಕ್ಕೆ ಬಿದ್ದವಳಿಗೆ ಬೂಟುಗಳು ಮಾತ್ರ ಕಾಣುತ್ತಿದ್ದವು. ಆಮೇಲೆ ಮಗಳ ಕೂಗು ಕೇಳಿತು. ಹುಸ್ನಿಯಾಳನ್ನು ಮೊಣಕಾಲೂರಿಸಿ, ಕೈ ಎರಡನ್ನೂ ತಟ್ಟುವ ಮಣೆಯ ಮೇಲೆ ಇಡಿಸಿದ್ದರು. ಅಮ್ಮ ರೊಟ್ಟಿ ತಟ್ಟುವ ಮಣೆ. ಬಂದೂಕಿನ ಹಿಡಿ ಮೇಲೆ ಹೋಯಿತು, ಕೆಳಗೆ ಬಂತು. ಇನ್ನೊಮ್ಮೆ. ಯಾರು ಕಲಿಸಿದ್ದು ಅಂತ ಖಾರಿ ಕೇಳುತ್ತಲೇ ಇದ್ದ. ಹುಡುಗಿ ಕಿರುಚಿದಳು, ಅತ್ತಳು, ಅಮ್ಮಾ ಅಂದಳು. ಒಂದು ಹೆಸರೂ ಹೇಳಲಿಲ್ಲ.

ಕೊನೆಗೆ ಅವನಿಗೇ ಬೇಸರ ಬಂತೋ, ರೋಜಾದ ಬಾಯಾರಿಕೆಯೋ. ಓಣಿಯಿಂದ ಒಂದು ಹಾರೆ ತರಿಸಿದ. ಹಾಜಿಯ ಕೈಗೆ ಕೊಟ್ಟ.

"ಈ ತಂದೂರು ಒಡಿ."

ಹಾಜಿ ಹಾರೆ ನೋಡಿದ, ಬಂದೂಕು ನೋಡಿದ. ನೆಲದಲ್ಲಿ ಬಿದ್ದ ಜೇವರಳ ಕಡೆ ಮಾತ್ರ ನೋಡಲಿಲ್ಲ. ಒಡೆದ. ಅವನ ಮನೆಗೆ ಮೂವತ್ತು ವರ್ಷ ರೊಟ್ಟಿ ಕೊಟ್ಟ ತಂದೂರು, ಜೇವರಳಿಗಿಂತ ಮೊದಲು ಅವಳ ಅತ್ತೆ ಕೂತಿದ್ದ ತಂದೂರು. ಮಣ್ಣು ಒಳಕ್ಕೆ ಕುಸಿದು ಬೂದಿ ಎದ್ದಿತು. ಹೋಗುವಾಗ ಬಂದೂಕಿನವರು ತಟ್ಟೆಗಳನ್ನು ಒದ್ದು ಹಿಟ್ಟನ್ನೆಲ್ಲ ಮಣ್ಣುಪಾಲು ಮಾಡಿದರು.

ಲತೀಫಾ ಟೀಚರು ಅವತ್ತು ಮಧ್ಯಾಹ್ನವೇ ಬುರ್ಖಾ ಹೊದ್ದು ಅಣ್ಣನ ಜೊತೆ ದೂರದ ಹಳ್ಳಿಯ ಬಸ್ಸು ಹತ್ತಿದಳು. ಅವಳನ್ನು ಬೈಯುವ ಹಾಗಿಲ್ಲ. ಮೂಳೆ ಕೂಡಿಸುವ ಮುದುಕ ಬಂದು ಹುಸ್ನಿಯಾಳ ಬೆರಳುಗಳಿಗೆ ಮೊಟ್ಟೆಯ ಲೋಳೆ ಬಳಿದು, ಕಡ್ಡಿ ಇಟ್ಟು, ಬಟ್ಟೆ ಸುತ್ತಿದ. "ಬಲಗೈ ಕೂಡೋದು ಕಷ್ಟ," ಅಂತ ಬಾಗಿಲಾಚೆ ನಿಂತು ಹೇಳಿದ. ಸಂಜೆ ಮೋಡ ಹರಿದಿತ್ತು. ಕೇರಿಯವರಿಗೂ ಚಂದ್ರ ಕಂಡ.

ಮರುದಿನ ರೋಜಾ. ಜೇವರ್ ಊದಿದ ದವಡೆಗೆ ಬಟ್ಟೆ ಕಟ್ಟಿಕೊಂಡು ಒಡೆದ ತಂದೂರಿನ ಪಕ್ಕ ಕೂತಿದ್ದಳು. ರೋಜಾದ ದಿನಗಳಲ್ಲಿ ಮಧ್ಯಾಹ್ನ ಇಳಿದ ಮೇಲೆ ಬೆಂಕಿ ಹಾಕಿ, ಸಂಜೆ ರೋಜಾ ಬಿಡೋ ಹೊತ್ತಿಗೆ ಕೇರಿಗೆಲ್ಲ ಬಿಸಿ ರೊಟ್ಟಿ ಕೊಡೋಳು. ಇವತ್ತು ಹಾಕೋಕೆ ಬೆಂಕಿ ಇಲ್ಲ. ಯಾರೂ ಬಂದಿರಲಿಲ್ಲ. ಬರಲ್ಲ ಅಂತಲೂ ಅವಳಿಗೆ ಗೊತ್ತಿತ್ತು. ಈ ಮನೆ ಅಂದರೆ ಈಗ ಎಲ್ಲರಿಗೂ ಭಯ. ಸರಿಯಾಗೇ ಇದೆ, ಹೆದರಲಿ ಬಿಡು ಅಂದುಕೊಂಡಳು. ಆದರೆ ಹೊಡಿ ಹೊಡಿ ಅಂದ ಒಂದೊಂದು ಬಾಯಿಯೂ ನೆನಪಿತ್ತು.

ಬಾಗಿಲು ಸರಿಯಿತು. ಬಖ್ತಾವರ್. ಜೊತೆಗೆ ಗುಲ್ಸುಮ್. ಇಬ್ಬರ ತಲೆ ಮೇಲೂ ತಟ್ಟೆ ಇರಲಿಲ್ಲ.

"ಯಾಕೆ ಬಂದೆ?" ಅಂದಳು ಜೇವರ್. ದವಡೆ ನೋವಿನಲ್ಲಿ ಮಾತು ಉಗುಳಿದ ಹಾಗೆ ಬಂತು. "ಇನ್ನೂ ಯಾರಿಗೆ ಹೊಡೀಬೇಕು, ಹೇಳೋಕೆ ಬಂದ್ಯಾ?"

ಬಖ್ತಾವರ್ ಕೂರಲಿಲ್ಲ. ನಿಂತೇ ಇದ್ದಳು.

"ಬೈಯಿ. ಬೈಸಿಕೊಳ್ಳೋಕೇ ಬಂದಿದ್ದೀನಿ. ಇವಳು ಮಾಳಿಗೆ ಮೇಲೆ ಬಿದ್ದುಕೊಂಡು ಎಲ್ಲ ಕೇಳಿಸಿಕೊಂಡವಳೆ. ನೀನು ಅಂದಿದ್ದು, ನಾನು ಅಂದಿದ್ದು, ಎಲ್ಲ. ಮನೆಗೆ ಬಂದು ಕೇಳಿದ್ಲು, 'ಅಮ್ಮಾ, ನಿನ್ನ ಕೈಗೆ ಕೊಟ್ಟಿದ್ರೆ ನೀನು ನನಗೆ ಹೊಡೀತಿದ್ದೆ ಅಲ್ವಾ?' ಅಂತ." ಗುಲ್ಸುಮಳ ತಲೆವಸ್ತ್ರ ಸರಿಮಾಡಿದಳು. "ನನ್ನ ಬಾಯಿ ಎಂಥದ್ದು ನಿನಗೆ ಗೊತ್ತಲ್ಲ. ಒಂದು ಮಾತು ಬರಲಿಲ್ಲ ಕಣೇ ಜೇವರ್."

ಜೇವರ್ ಮುಖ ತಿರುಗಿಸಿದಳು. ಸಿಟ್ಟು ಇಳಿದಿರಲಿಲ್ಲ.

"ಹಿಟ್ಟು ತಂದಿಲ್ಲ," ಅಂದಳು ಬಖ್ತಾವರ್. "ಮಗಳನ್ನ ತಂದಿದ್ದೀನಿ."

"ಹುಚ್ಚೀನಾ ನೀನು? ನೆಪ ಹೇಳೋಕೆ ತಂದೂರಿಲ್ಲ. ಟೀಚರೂ ಇಲ್ಲ. ಯಾರು ಕಲಿಸ್ತಾರೆ ಇವಳಿಗೆ? ನಾನಾ?"

"ನಾನು," ಅಂತ ಸೌದೆ ಕೋಣೆಯ ಬಾಗಿಲಿನಿಂದ ಕೇಳಿತು.

ಹುಸ್ನಿಯಾ ನಿಂತಿದ್ದಳು. ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಎದೆಗೆ ಆನಿಸಿಕೊಂಡಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೋಗಿ ಮಲಕ್ಕೊ," ಜೇವರ್ ಗದರಿದಳು. "ನಿನ್ನ ಕೈ ನೋಡಿಕೊಂಡಿದ್ದೀಯಾ?"

"ಕೈ ತಾನೇ ಅಮ್ಮ ಮುರಿದಿರೋದು. ಬಾಯಿ ಮುರಿದಿಲ್ಲವಲ್ಲ." ಅವಳು ಗುಲ್ಸುಮಳ ಕಡೆ ತಿರುಗಿದಳು. "ಒಳಗೆ ಬಾ. ಸೀಮೆಸುಣ್ಣ ತಗೋ. ನಾನು ಹೇಳ್ತೀನಿ, ನೀನು ಬರಿ."